ನನ್ನ ಹೆಸರಿನ ಪೊಲೀಸ್ ದಾಖಲೆಯನ್ನು ನಾನೇ ಪಡೆದ ಬಗೆ

ಕುಮಟೆಯಲ್ಲಿ ಹತ್ತಾರು ವರ್ಷ ಊರವರ ಅರ್ಜಿ ಬರೆದುಕೊಟ್ಟ ನನ್ನ ಮೇಲೆಯೇ 2009ರ ರಸ್ತೆ ತಡೆ ಪ್ರಕರಣವೊಂದಿತ್ತು. ಆಗಿನ ಭಾರತೀಯ ದಂಡ ಸಂಹಿತೆಯ ಕಲಂ 143, 147, 341 ಮತ್ತು 149, ಅಂದರೆ ಅಕ್ರಮ ಕೂಟ, ದೊಂಬಿ, ಅಕ್ರಮ ತಡೆ ಇಂಥವು. ಎಲ್ಲರೂ ಖುಲಾಸೆಯಾಗಿದ್ದೆವು, ಆದರೆ ಅದರ ಒಂದು ಹಾಳೆಯೂ ನನ್ನ ಬಳಿ ಇರಲಿಲ್ಲ, ಅಂದಿನ ವಕೀಲರೂ ಈಗಿಲ್ಲ. ಕುವೈತಿನ ಕೆಲಸಕ್ಕೆ ಪೊಲೀಸ್ ಕ್ಲಿಯರೆನ್ಸ್, ಅಂದರೆ ಪೊಲೀಸರ ಪರಿಶೀಲನೆಯ ಬಳಿಕ ಪಾಸ್‌ಪೋರ್ಟ್ ಕಚೇರಿ ಕೊಡುವ ಪ್ರಮಾಣಪತ್ರ, ಬೇಕಾದಾಗ, ಏಜೆಂಟರಿಲ್ಲದೆ ಇದು ಸಾಗದೆಂದು ನಮ್ಮ ವೃತ್ತಿಯವರೇ ಹೇಳಿದರು. ಏಜೆಂಟ್ ಕೇಳಿದ್ದು 12,000 ರೂಪಾಯಿಯ ಆಸುಪಾಸು. ಬಸ್ಸಿನ ಚಾರ್ಜು ಬಿಟ್ಟರೆ ನನಗೆ ಖರ್ಚಾದದ್ದು 800ರ ಒಳಗೆ. ಅದರಲ್ಲಿ 500 ಪಾಸ್‌ಪೋರ್ಟ್ ಸೇವೆಯ ಶುಲ್ಕವೇ.

ಮೊದಲು ಹಿಡಿದದ್ದು ಮಾಹಿತಿ ಹಕ್ಕಿನ ದಾರಿ. ಹೆಸರು, ತಂದೆಯ ಹೆಸರು, ವಿಳಾಸ ಕೊಟ್ಟು, ನನ್ನ ಮೇಲೆ ದಾಖಲಾದ ಎಲ್ಲ ಪ್ರಕರಣಗಳ ವಿವರ ಕೋರಿದೆ. 30 ದಿನ ತುಂಬುವ ಹೊತ್ತಿಗೆ, ವ್ಯಕ್ತಿಯ ಹೆಸರಿನ ಮೇಲೆ ಮಾಹಿತಿ ಕ್ರೋಡೀಕರಿಸಿಲ್ಲ, ಅಪರಾಧ ಸಂಖ್ಯೆ (ಎಫ್‌ಐಆರ್‌ಗೆ ಠಾಣೆ ಕೊಡುವ ಸಂಖ್ಯೆ) ಒದಗಿಸಿ ಎಂಬ ಉತ್ತರ ಬಂತು. ಮೇಲ್ಮನವಿಯಲ್ಲೂ ಅದೇ ಮಾತು. ಪೊಲೀಸ್ ಇಲಾಖೆಯ ಜಾಲತಾಣದಲ್ಲಿ ಎಫ್‌ಐಆರ್ ಹುಡುಕಿದರೆ ಅದೂ ಸಿಗಲಿಲ್ಲ. 24 ಗಂಟೆಯೊಳಗೆ ಎಫ್‌ಐಆರ್ ಏರಿಸಬೇಕೆಂಬ ಸುಪ್ರೀಂ ಕೋರ್ಟಿನ ಆದೇಶ ಬಂದದ್ದೇ 2016ರಲ್ಲಿ.

ಆಗ ದಾರಿಯನ್ನು ತಿರುವಿ, ಠಾಣೆಯಿಂದ ನ್ಯಾಯಾಲಯದತ್ತ ಹೋಗುವ ಬದಲು ನ್ಯಾಯಾಲಯದಿಂದ ಠಾಣೆಯತ್ತ ಬರುವುದೆಂದು ನಿರ್ಧರಿಸಿದೆ. ನ್ಯಾಯಾಲಯಗಳ ಪ್ರಕರಣಗಳ ವಿವರ ತೋರಿಸುವ ಇ-ಕೋರ್ಟ್ಸ್ ತಾಣದಲ್ಲಿ ಪಕ್ಷಕಾರರ ಹೆಸರು ಹಾಕಿ ಹುಡುಕುವುದು ಎಲ್ಲರಿಗೂ ಗೊತ್ತು. ಆದರೆ ನಮ್ಮ ಕರಾವಳಿಯಲ್ಲಿ ‘ನಾಯ್ಕ’ ಎಂದು ಹುಡುಕಿದವನ ಪಾಡು, ಜಾತ್ರೆಯಲ್ಲಿ ಬಿಳಿ ಅಂಗಿಯವನನ್ನು ಹುಡುಕಿದಂತೆ. ಇಂಗ್ಲಿಷಿನಲ್ಲಿ ಅದನ್ನು ನಾಲ್ಕಾರು ಬಗೆಯಲ್ಲಿ ಬರೆದಿರುತ್ತಾರೆ. ಕುತೂಹಲಕ್ಕೆಂದು ಒಂದು ರಾತ್ರಿ ಜಿಲ್ಲೆಯ ಎಲ್ಲ ತಾಲೂಕುಗಳ ನ್ಯಾಯಾಲಯಗಳಲ್ಲೂ ನನ್ನ ಹೆಸರನ್ನು ಹುಡುಕಿದೆ. ಚೆಕ್ ಬೌನ್ಸ್, ಜೀವನಾಂಶ, ಕಾರವಾರದ ಕಡೆಯ ಗೋವಾ ಮದ್ಯ ಸಾಗಣೆ, ಹೀಗೆ ನನ್ನ ಹೆಸರಿನವರು ಮಾಡದ ಕೆಲಸವೇ ಇಲ್ಲವೆನಿಸಿತು. ಆ ಪಟ್ಟಿಯನ್ನು ಮುದ್ರಿಸಿ ಇಟ್ಟುಕೊಂಡೆ, ಅದು ಮುಂದೆ ಉಪಯೋಗಕ್ಕೆ ಬಂತು.

ನನ್ನ ಪ್ರಕರಣ ಸಿಕ್ಕಿದ್ದು ನನ್ನ ಹೆಸರಿನಿಂದಲ್ಲ, ಮೊದಲ ಆರೋಪಿಯ ಹೆಸರಿನಿಂದ. ಗಣಕಕ್ಕೆ ಏರಿಸುವಾಗ ‘ಮತ್ತು ಇತರರು’ ಎಂದು ಮುಗಿಸಿದ್ದರಿಂದ ನಾವು ಉಳಿದವರೆಲ್ಲ ಆ ಎರಡು ಶಬ್ದಗಳೊಳಗೆ ಅಡಗಿದ್ದೆವು. ಆ ಪುಟದಲ್ಲಿ ಪ್ರತಿ ಪ್ರಕರಣಕ್ಕೂ ಬೇರೆಯೇ ಇರುವ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ, ನ್ಯಾಯಾಲಯ ಕ್ರಿಮಿನಲ್ ಪ್ರಕರಣಕ್ಕೆ ಕೊಡುವ ಸಿ.ಸಿ. ಸಂಖ್ಯೆ, ಕೆಳಗೆ ಠಾಣೆಯ ಹೆಸರಿನೊಡನೆ ಅಪರಾಧ ಸಂಖ್ಯೆ, ಎಲ್ಲವೂ ಇದ್ದವು. ಮೊದಲ ಆರೋಪಿಯ ಹೆಸರೂ ಮರೆತಿದ್ದರೆ ಹುಡುಕಲು ಇನ್ನೊಂದು ಉಪಾಯವಿದೆ. ಅದು ನನ್ನ ಹೊಟ್ಟೆಪಾಡಿನದಾದ್ದರಿಂದ ಇಲ್ಲಿ ಬರೆಯುವುದಿಲ್ಲ.

ನ್ಯಾಯಾಲಯದ ನಕಲು ವಿಭಾಗದಲ್ಲಿ ತೀರ್ಪಿನ ದೃಢೀಕೃತ ಪ್ರತಿ ಪಡೆಯಲು ಕೋರ್ಟ್ ಫೀ ಸೇರಿ ನೂರರ ಆಸುಪಾಸು ಹೋಯಿತು. ಬಳಿಕ ಮಾಹಿತಿ ಹಕ್ಕಿನ ಎರಡನೆಯ ಅರ್ಜಿಯನ್ನು ನಮ್ಮ ರಾಜ್ಯದ ನಿಯಮದಂತೆ ಒಂದೇ ವಿಷಯಕ್ಕೆ, 150 ಪದಗಳೊಳಗೆ ನಿಲ್ಲಿಸಿದೆ. ‘ವಿವರ ಕೊಡಿ’ ಎಂಬ ಮಾತನ್ನೇ ತೆಗೆದು, ಇಂಥ ಅಪರಾಧ ಸಂಖ್ಯೆಯ ಎಫ್‌ಐಆರ್, ದೋಷಾರೋಪಣಾ ಪಟ್ಟಿ ಹಾಗೂ ಠಾಣೆಯ ವಹಿಯಲ್ಲಿ ಅಂತಿಮ ಫಲಿತಾಂಶ ಬರೆದ ಪುಟದ ನಕಲು ಎಂದು ಕೇಳಿದೆ. ಮೂರನೆಯವರ ವೈಯಕ್ತಿಕ ಮಾಹಿತಿ ಎಂಬ ನೆಪ ಬಾರದಿರಲೆಂದು ಗುರುತಿನ ಚೀಟಿಯನ್ನೂ ಲಗತ್ತಿಸಿದ್ದೆ. ಪುಟಕ್ಕೆ 2 ರೂಪಾಯಿಯಂತೆ ಕಟ್ಟಿಸಿಕೊಂಡು ನಕಲು ಕೊಟ್ಟರು. ಫಲಿತಾಂಶದ ಅಂಕಣ ಖಾಲಿಯಿತ್ತು! ಖುಲಾಸೆಯಾಗಿ ಅಷ್ಟು ವರ್ಷವಾದರೂ ಠಾಣೆಯ ಲೆಕ್ಕದಲ್ಲಿ ನಾನು ಇನ್ನೂ ವಿಚಾರಣೆ ಎದುರಿಸುತ್ತಲೇ ಇದ್ದೆ. ಏಜೆಂಟ್ ಇದನ್ನು ಎಂದೂ ತೋರಿಸುತ್ತಿರಲಿಲ್ಲ.

ತೀರ್ಪಿನ ಪ್ರತಿಯೊಂದಿಗೆ ಠಾಣೆಗೆ ಮನವಿ ಕೊಟ್ಟು, ಸ್ವೀಕೃತಿ ಪಡೆದು, ಅಂಕಣ ತುಂಬಿದ್ದನ್ನು ಖಚಿತಪಡಿಸಿಕೊಂಡ ನಂತರವೇ ಕ್ಲಿಯರೆನ್ಸಿಗೆ ಅರ್ಜಿ ಹಾಕಿ, ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಹೋಗಿಬಂದೆ. ಪರಿಶೀಲನೆಯ ವೇಳೆ ಅಬಕಾರಿ ಪ್ರಕರಣವೊಂದನ್ನು ತೋರಿಸಿ ಇದು ನಿಮ್ಮದೇ ಎಂದು ಕೇಳಿದರು. ನಾನು ಮುದ್ರಿಸಿಟ್ಟ ಪಟ್ಟಿಯನ್ನು ತೆಗೆದು, ಅದೇ ಪ್ರಕರಣದ ಆರೋಪಿಯ ತಂದೆಯ ಹೆಸರು ಬೇರೆ ಇರುವುದನ್ನು ತೋರಿಸಿದೆ. ಮಾತು ಅಲ್ಲಿಗೇ ಮುಗಿಯಿತು. ಪ್ರಮಾಣಪತ್ರ ಕೆಲವೇ ವಾರಗಳಲ್ಲಿ ಕೈಸೇರಿತು. ಆಗದೆಂದವರ ಪೈಕಿ ಇಬ್ಬರು ಈಗ ತಮ್ಮ ಗಿರಾಕಿಗಳ ಕಾಗದ ಹಿಡಿದು ನನ್ನ ಬಳಿಯೇ ಬರುತ್ತಿದ್ದಾರೆ. ಅವರಿಂದ ನಾನು 300 ರೂಪಾಯಿ ತೆಗೆದುಕೊಳ್ಳುತ್ತೇನೆ.