ಎಫ್‌6 ಅನ್ನು ಅಂಗಡಿ ಕ್ಯಾಲ್ಕುಲೇಟರಿನಲ್ಲೇ ಒಡೆದೆ

ಹನ್ನೆರಡು ಅಂಕಿಯ ಕ್ಯಾಲ್ಕುಲೇಟರಿನಲ್ಲಿ ಇಪ್ಪತ್ತು ಅಂಕಿಯ ಸಂಖ್ಯೆಯನ್ನು ಹೇಗೆ ಹಿಡಿಸುತ್ತೀರಿ ಎಂದು ನಕ್ಕವರೆಲ್ಲ ಗಣಿತ ಬಲ್ಲವರೇ. ಹಿಡಿಸುವ ಅಗತ್ಯವೇ ಇಲ್ಲ. 2ರ 64ನೇ ಘಾತಕ್ಕೆ 1 ಕೂಡಿಸಿದರೆ ಸಿಗುವ, ಎಫ್‌6 ಎಂಬ ಫರ್ಮಾ ಸಂಖ್ಯೆ 18446744073709551617 ನನ್ನ ಪರದೆಯ ಮೇಲೆ ಒಮ್ಮೆಯೂ ಪೂರ್ತಿ ಮೂಡಲಿಲ್ಲ. ಆದರೂ ಎರಡು ಅಪವರ್ತನಗಳಾಗಿ ಒಡೆಯಿತು.

ಮೊದಲು ಕಾಗದದ ಮೇಲೆ ನೇರ ಭಾಗಾಕಾರಕ್ಕೆ ಕೈ ಹಾಕಿದ್ದೆ. ಒಂದೊಂದು ಭಾಜಕಕ್ಕೂ ಅರ್ಧ ಪುಟ, ಮಧ್ಯದಲ್ಲಿ ಯಾರಾದರೂ ಮಾತನಾಡಿಸಿದರೆ ಮತ್ತೆ ಮೊದಲಿನಿಂದ. ವರ್ಗಗಳ ವ್ಯತ್ಯಾಸದ ದಾರಿಯೂ ದಂಡ: ಒಂದು ಅಪವರ್ತನ ಚಿಕ್ಕದು, ಇನ್ನೊಂದು ದೈತ್ಯ, ಆಯುಷ್ಯ ಸಾಲದು. ಆಮೇಲೆ ಒಂಬೈನೂರು ರೂಪಾಯಿಯ ಆಸುಪಾಸು ಕೊಟ್ಟು ಸೈಂಟಿಫಿಕ್ ಕ್ಯಾಲ್ಕುಲೇಟರ್ ತಂದೆ. ಅದು ಹತ್ತೇ ಅಂಕಿ ತೋರಿಸಿ ಬಾಲವನ್ನು ನುಂಗುತ್ತದೆ. ನಮಗೆ ಬೇಕಾದದ್ದು ಬಾಲವೇ. ಕೊನೆಗೆ ಕೆಲಸ ಮಾಡಿದ್ದು ಮುನ್ನೂರೈವತ್ತಕ್ಕೋ ಏನೋ ಸಿಕ್ಕ, ಜಿಎಸ್‌ಟಿ ಗುಂಡಿ ಇರುವ ದಿನಸಿ ಅಂಗಡಿಯ ಕ್ಯಾಲ್ಕುಲೇಟರ್.

ಗಣಿತಜ್ಞ ಲೂಕಾ ಹೇಳಿದಂತೆ ಭಾಜಕ 256k+1 ರೂಪದಲ್ಲಿಯೇ (k ಒಂದು ಪೂರ್ಣಾಂಕ) ಇರಬೇಕು. ಆಯ್ಲರನ 128k+1ಕ್ಕೆ ನಿಂತರೆ ದುಡಿಮೆ ಇಮ್ಮಡಿ. ಪ್ರತಿ ಭಾಜಕಕ್ಕೂ 2ರ 16ನೇ ಘಾತವಾದ 65536ರಿಂದ ಹೊರಟು, ವರ್ಗ ಮಾಡಿ ಶೇಷ, ಮತ್ತೆ ವರ್ಗ ಮಾಡಿ ಶೇಷ. ಕೊನೆಯ ಶೇಷ −1 ಬಂದರೆ ಸಿಕ್ಕಿತು. ಶೇಷ ಅರ್ಧಕ್ಕಿಂತ ದೊಡ್ಡದಾದರೆ ಭಾಜಕವನ್ನು ಕಳೆದು ಋಣ ಮಾಡಿಕೊಳ್ಳಿ, ವರ್ಗ ಸಣ್ಣದಾಗುತ್ತದೆ. ದಶಮಾಂಶವನ್ನು ಗುಣಿಸಿ ಶೇಷ ತೆಗೆಯಬೇಡಿ. ಭಾಗಲಬ್ಧದ ಪೂರ್ಣಾಂಕವನ್ನಷ್ಟೇ ಗುಣಿಸಿ ಎಂ-ಮೈನಸ್ ಗುಂಡಿಯಿಂದ ಕಳೆಯಿರಿ.

256k+1 ಅವಿಭಾಜ್ಯವಾಗದ k ಸಾಲುಗಳನ್ನು ಮೊದಲೇ ಹೊಡೆದುಹಾಕಲು ಚೌಕುಳಿ ಹಾಳೆಯಲ್ಲಿ ನನ್ನದೊಂದು ಉಪಾಯವಿದೆ, ಅದನ್ನು ಇಲ್ಲಿ ಬಿಚ್ಚುವುದಿಲ್ಲ. 1880ರಲ್ಲಿ, ತನ್ನ 82ನೇ ವಯಸ್ಸಿನಲ್ಲಿ, ಇದೇ ಸಂಖ್ಯೆಯನ್ನು ಒಡೆದ ಫ್ರಾನ್ಸಿನ ಲ್ಯಾಂಡ್ರಿಯೂ ತನ್ನ ವಿಧಾನವನ್ನು ಪೂರ್ತಿ ಬಿಟ್ಟುಕೊಡಲಿಲ್ಲ! ಸೋಸಿದ ಮೇಲೆ ಉಳಿದವು ಇನ್ನೂರರ ಆಸುಪಾಸು. ಸಂಜೆ ಸಂಜೆ ಕುಳಿತರೆ ಕೆಲವು ವಾರದ ಕೆಲಸ.

k=1071, ಭಾಜಕ 274177. 2ರ 32ನೇ ಘಾತವಾದ 4294967296ರಲ್ಲಿ ಅದನ್ನು 15664 ಬಾರಿ ಕಳೆದರೆ ಉಳಿಯುವುದು 258768, ಅಂದರೆ −15409. ಅದರ ವರ್ಗ 237437281. 274177ನ್ನು 866ರಿಂದ ಗುಣಿಸಿದೆ: 237437282. ಒಂದೇ ಒಂದು ಕಡಿಮೆ! ನಾನು ಹಾಕಿದ ಕೂಗಿಗೆ ಪಕ್ಕದ ಮನೆಯವರು ಕ್ರಿಕೆಟ್ ಸ್ಕೋರ್ ಕೇಳಿದರು.

ಇನ್ನೊಂದು ಅಪವರ್ತನ 67280421310721, ಅದೂ ಅವಿಭಾಜ್ಯ. ಇದೇ ದಾರಿಯಲ್ಲಿ ಅದನ್ನು ಸಾಧಿಸಲು k 32,000 ದಾಟಬೇಕು. ನಾನಂತೂ ಹೋಗುವುದಿಲ್ಲ.

ಚಪಲಕ್ಕೆ ಎಫ್‌12ಕ್ಕೂ ಕೈ ಹಚ್ಚಿದೆ. 2ರ 4096ನೇ ಘಾತಕ್ಕೆ 1 ಕೂಡಿಸಿದ, 1234 ಅಂಕಿಯ ಸಂಖ್ಯೆ ಅದು, ಆದರೆ ಭಾಜಕ 16384k+1 ರೂಪದ್ದು. k ಒಂದರಿಂದ ಆರರವರೆಗೆ 65537 ಒಂದೇ ಅವಿಭಾಜ್ಯ. ಅದು ಎಫ್‌4, ಎರಡು ಫರ್ಮಾ ಸಂಖ್ಯೆಗಳಿಗೆ ಸಾಮಾನ್ಯ ಅಪವರ್ತನ ಇರುವುದಿಲ್ಲವಾದ್ದರಿಂದ ಬಿಟ್ಟೆ. ಏಳನೆಯದು 114689. ಎಂಟು ಬಾರಿ ವರ್ಗ ಮಾಡಿದೆ, −1 ಬಂತು. ಇಪ್ಪತ್ತು ಅಂಕಿಯದು ವಾರಗಟ್ಟಲೆ ಸತಾಯಿಸಿತು, ಸಾವಿರ ಅಂಕಿ ಮೀರಿದ್ದು ಕಾಫಿ ಆರುವುದರೊಳಗೆ ಬಿತ್ತು.

ಎಫ್‌9ರ (2ರ 512ನೇ ಘಾತಕ್ಕೆ 1 ಕೂಡಿಸಿದ್ದು) ಅಪವರ್ತನ 2424833 ಮಾತ್ರ ಕೂದಲೆಳೆಯಲ್ಲಿ ತಪ್ಪಿಸಿಕೊಳ್ಳುತ್ತದೆ: ಋಣ ಶೇಷ ಬಳಸಿದರೂ ವರ್ಗ ಹದಿಮೂರನೇ ಅಂಕಿಗೆ ಕಾಲಿಡಬಹುದು. ಹದಿನಾಲ್ಕು ಅಂಕಿಯ ಕ್ಯಾಲ್ಕುಲೇಟರ್ ಏಳೆಂಟುನೂರಕ್ಕೆ ಸಿಗುತ್ತದಂತೆ. ಸೈಂಟಿಫಿಕ್‌ನ ಲೆಕ್ಕ ಚುಕ್ತಾ ಆಗುವವರೆಗೆ ಇನ್ನೊಂದು ಬೇಡ ಎಂದು ಮನೆಯಲ್ಲಿ ತೀರ್ಪಾಗಿದೆ.