ಎಪ್ಪತ್ತು ತುಂಬಿದವರ ವಿಮೆ: ದುಡ್ಡಿನ ಲೆಕ್ಕ ಹಾಕೋದು ಹೀಗೆ

ಮೊದಲು ಒಂದು ನೋಟ್‌ಬುಕ್ ತಗೊಳ್ಳಿ. ನಾನು ಹುಬ್ಬಳ್ಳಿಯ ಸಹಕಾರಿ ಸಂಘವೊಂದರಲ್ಲಿ ಮೂವತ್ತು ವರ್ಷ ಖಾತೆ ಬರೆದವನು. ಈಗ ಉಣಕಲ್ ಕೆರೆ ದಂಡೆಯಲ್ಲಿ ಬೆಳಗಿನ ವಾಕಿಂಗ್ ಮುಗಿಸಿ ಕೂರುವ ಗೆಳೆಯರಿಗೆ ಈ ಲೆಕ್ಕ ಹೇಳಿಕೊಡುತ್ತೇನೆ.

ಮೊದಲ ಸಾಲಲ್ಲಿ ಒಟ್ಟು ಮೊತ್ತ ಬರೆಯಿರಿ. 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಂಪುಟ 70 ತುಂಬಿದ ಎಲ್ಲರನ್ನೂ, ಆದಾಯ ನೋಡದೆ, ಆಯುಷ್ಮಾನ್ ಭಾರತ್ ಎಂಬ ಸರ್ಕಾರಿ ಆರೋಗ್ಯ ವಿಮೆಗೆ ಸೇರಿಸಲು ಒಪ್ಪಿತು. ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಜನ ಸುಮಾರು 6 ಕೋಟಿ, ಆರಂಭದ ಅಂದಾಜು 3,437 ಕೋಟಿ ರೂಪಾಯಿ. ಭಾಗಿಸಿ ನೋಡಿ. ತಲೆಗೆ ಸುಮಾರು 573 ರೂಪಾಯಿ.

ಅದರ ಪಕ್ಕ ನಿಮ್ಮ ಮನೆಯ ಬಿಲ್ ಬರೆಯಿರಿ. ನಮ್ಮ ಅವ್ವ ಹೋದ ಮಳೆಗಾಲ ಬಚ್ಚಲಲ್ಲಿ ಜಾರಿ ಬಿದ್ದಳು, ಸೊಂಟದ ಎಲುಬು ಮುರೀತು. ಖಾಸಗಿ ಆಸ್ಪತ್ರೆಗೆ 1,72,000 ಕೊಟ್ಟೆವು. 573ರಂತೆ ಹಿಡಿದರೆ ಅದು 300 ಹಿರಿಯರ ಪಾಲು! ಎಲ್ಲರೂ ಒಂದೇ ವರ್ಷ ಬೀಳೋದಿಲ್ಲ, ವಿಮೆ ನಡೆಯೋದೇ ಆ ಧೈರ್ಯದ ಮೇಲೆ. ಆದರೂ ಈ ಗಂಟು ಬೆಳೆಯಲೇಬೇಕು, ಅಲ್ವಾ?

ಕೊಡುವವರು ಯಾರು ಅಂತ ಕೆಳಗೆ ಬರೆಯಿರಿ. ಹೆಚ್ಚಿನ ರಾಜ್ಯಗಳಲ್ಲಿ ಕೇಂದ್ರ 60, ರಾಜ್ಯ 40. ಎರಡೂ ತೆರಿಗೆ ದುಡ್ಡೇ. 2011ರಲ್ಲಿ ದೇಶದ ನೂರು ಜನರಲ್ಲಿ 60 ದಾಟಿದವರು ಎಂಟೊಂಬತ್ತು ಮಂದಿ. 2050ರ ಹೊತ್ತಿಗೆ ಇಪ್ಪತ್ತು ಅಂತ ವಿಶ್ವಸಂಸ್ಥೆಯ ಅಂದಾಜು. ದುಡಿದು ಕಟ್ಟುವವರ ಮೇಲಿನ ಹೊರೆ ಜಾಸ್ತಿ ಆಗುತ್ತದೆ.

ಇನ್ನು ಜನ ಮರೆಯುವ ಸಾಲು ಒಂದಿದೆ: ಗುಳಿಗೆ. ಈ ವಿಮೆ ಆಸ್ಪತ್ರೆಗೆ ಅಡ್ಮಿಟ್ ಆದರೆ ಮಾತ್ರ. ಅವ್ವನ ಬಿಪಿ, ಶುಗರ್ ಗುಳಿಗೆಗೆ ತಿಂಗಳಿಗೆ 640 ರೂಪಾಯಿ ನಮ್ಮ ಕೈಯಿಂದಲೇ ಹೋಗುತ್ತದೆ. ಗುಳಿಗೆ ಬಿಟ್ಟವರಿಗೆ ಲಕ್ವ ಹೊಡೆದರೆ ಅದೇ ಲಕ್ಷಗಟ್ಟಲೆ ಬಿಲ್ ಆಗಿ ಸರ್ಕಾರದ ತಲೆ ಮೇಲೆ ಬರುತ್ತದೆ. ಅದಕ್ಕೇ ನಾನು ಹೇಳೋದು, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಗುಳಿಗೆ ತಪ್ಪದೆ ಸಿಗಲು ಮೊದಲು ದುಡ್ಡು ಇಡಲಿ.

ಕೊನೆಗೆ ಪತ್ರ. ನಿಮ್ಮ ಓಣಿಯಲ್ಲಿ 70 ತುಂಬಿದವರು ಎಷ್ಟು, ಒಂದು ವರ್ಷದಲ್ಲಿ ಅಡ್ಮಿಟ್ ಆದವರು ಎಷ್ಟು, ಗುಳಿಗೆ ಖರ್ಚು ಎಷ್ಟು, ಇಷ್ಟೇ ಬರೆಯಿರಿ. ‘ರಾಜ್ಯದ ಪಾಲಿಗೆ ಈ ಸಲ ಎಷ್ಟು ಇಡ್ತೀರಿ?’ ಅಂತ ಕೇಳಿ. ಶಾಸಕರಿಗೆ, ಕಾರ್ಪೊರೇಟರ್‌ಗೆ ಜನವರಿಯೊಳಗೆ ಕೊಡಿ. ಬಜೆಟ್ ಮಂಡನೆ ಆದ ಮೇಲೆ ಕೊಟ್ಟರೆ ಮತ್ತೆ ಒಂದು ವರ್ಷ ಕಾಯಬೇಕು.