ಹೊಸ ಟೂಲ್ ಹಾಕೋಣ್ವಾ ಅಂತ ಟೀಮ್ ಕೇಳಿದಾಗ

ನಮ್ಮ ಸಾಫ್ಟ್‌ವೇರ್ ಟೀಮಿನಲ್ಲಿ ಯಾರಾದರೂ ‘ಇದಕ್ಕೆ ಕಾಫ್ಕಾ (ಪ್ರೋಗ್ರಾಮ್‌ಗಳ ನಡುವೆ ಸಂದೇಶ ಸಾಗಿಸುವ ಸಾಫ್ಟ್‌ವೇರ್) ಹಾಕೋಣ್ವಾ?’ ಎಂದರೆ ನಾನು ಮೊದಲು ಕೇಳುವುದು ಒಂದೇ ಮಾತು. ರಾತ್ರಿ ಎರಡು ಗಂಟೆಗೆ ಅದು ಕೈಕೊಟ್ಟರೆ ಎದ್ದು ನೋಡುವವರು ಯಾರು? ನನಗೆ ಹೆಸರು ಬೇಕು. ‘ಟೀಮ್ ನೋಡ್ಕೊಳ್ಳುತ್ತೆ’ ಅನ್ನೋದು ಉತ್ತರವಲ್ಲ. ಕನಿಷ್ಠ ಇಬ್ಬರ ಹೆಸರಾದರೂ ಬರಬೇಕು. ಒಬ್ಬರೇ ಆದರೆ ಅವರು ರಜೆ ಹಾಕುವ ಹಾಗೇ ಇಲ್ಲ, ಅಲ್ವಾ?

ಟೂಲ್ ಆರಿಸುವಾಗ ಆನ್‌ಕಾಲ್ ಸರದಿಯಲ್ಲಿ, ಅಂದರೆ ಏನಾದರೂ ಕೆಟ್ಟರೆ ಎದ್ದು ನೋಡುವ ಸರದಿಯಲ್ಲಿ, ಇರುವವರ ಮಾತಿಗೆ ಜಾಸ್ತಿ ಬೆಲೆ ಕೊಡಿ. ಹುದ್ದೆ ಎಷ್ಟೇ ದೊಡ್ಡದಿರಲಿ, ರಾತ್ರಿ ಫೋನ್ ಎತ್ತದವರು ಸಲಹೆ ಕೊಡಬಹುದು, ತೀರ್ಮಾನ ಬೇಡ. ಇದನ್ನು ಮೀಟಿಂಗಿನಲ್ಲಿ ಹೇಳಿದಾಗ ಕೆಲವರ ಮುಖ ಸಪ್ಪಗಾಗುತ್ತದೆ. ಆಗಲಿ ಬಿಡಿ.

ಆಮೇಲೆ, ಟೂಲಿನ ಹೆಸರೇ ಇಲ್ಲದೆ ತೊಂದರೆಯನ್ನು ಬರೆಸಿ. ‘ನಮಗೆ ಇವೆಂಟ್ ಸ್ಟ್ರೀಮಿಂಗ್ ಬೇಕು’ ಅನ್ನುವುದು ತೊಂದರೆಯಲ್ಲ. ‘ಇಮೇಲ್ ಸರ್ವರ್ ನಿಂತರೆ ಆರ್ಡರೇ ಆಗುವುದಿಲ್ಲ’ ಅನ್ನುವುದು ತೊಂದರೆ. ಪಕ್ಕದಲ್ಲೇ ಲೆಕ್ಕವನ್ನೂ ಬರೆಸಿ. ದಿನಕ್ಕೆ 10,000 ಇಮೇಲ್ ಅಂದರೆ ಕೇಳೋಕೆ ದೊಡ್ಡದು. ಭಾಗಿಸಿ ನೋಡಿದರೆ ಸುಮಾರು 9 ಸೆಕೆಂಡಿಗೆ ಒಂದು. ಜನ ಜಾಸ್ತಿ ಇರುವ ಹೊತ್ತಿನಲ್ಲಿ ಐವತ್ತು ಪಟ್ಟು ಏರಿದರೂ ಸೆಕೆಂಡಿಗೆ ಆರು.

ಇಷ್ಟಕ್ಕೆ ಈಗಾಗಲೇ ಓಡುತ್ತಿರುವ ನಮ್ಮ ಡೇಟಾಬೇಸ್ ಪೋಸ್ಟ್‌ಗ್ರೆಸ್‌ನಲ್ಲಿ ಒಂದು ಟೇಬಲ್ ಸಾಕು. ಆರ್ಡರ್ ಸೇರಿಸುವ ಟ್ರಾನ್ಸಾಕ್ಷನ್‌ನಲ್ಲೇ ಈ ಟೇಬಲ್ಲಿಗೂ ಒಂದು ಸಾಲು ಹಾಕಿ. ಆರ್ಡರ್ ಉಳಿದರೆ ಇಮೇಲ್ ಸಾಲೂ ಉಳಿಯುತ್ತದೆ, ಇಲ್ಲವಾದರೆ ಎರಡೂ ಇಲ್ಲ. ಇಮೇಲ್ ಕಳಿಸುವ ಪ್ರೋಗ್ರಾಮ್, ಅಂದರೆ ವರ್ಕರ್, ಬಂದು ‘ಫಾರ್ ಅಪ್‌ಡೇಟ್ ಸ್ಕಿಪ್ ಲಾಕ್ಡ್’ ಎಂಬ ಆದೇಶ ಕೊಟ್ಟು ಒಂದು ಸಾಲು ಎತ್ತಿಕೊಳ್ಳುತ್ತದೆ. ಇನ್ನೊಂದು ವರ್ಕರ್ ಅದೇ ಸಾಲಿಗೆ ಕಾಯುತ್ತಾ ನಿಲ್ಲುವುದಿಲ್ಲ, ಮುಂದಿನದಕ್ಕೆ ಕೈ ಹಾಕುತ್ತದೆ. 2016ರಲ್ಲಿ ಬಂದ ಪೋಸ್ಟ್‌ಗ್ರೆಸ್ 9.5 ಆವೃತ್ತಿಯಿಂದಲೇ ಈ ಸೌಲಭ್ಯ ಇದೆ. ವರ್ಕರ್ ಮಧ್ಯದಲ್ಲೇ ಸತ್ತರೆ ಟ್ರಾನ್ಸಾಕ್ಷನ್ ರೋಲ್‌ಬ್ಯಾಕ್ ಆಗಿ (ಮಾಡಿದ್ದೆಲ್ಲ ರದ್ದಾಗಿ) ಸಾಲು ಮತ್ತೆ ಸಿಗುತ್ತದೆ. ಒಮ್ಮೊಮ್ಮೆ ಒಂದೇ ಇಮೇಲ್ ಎರಡು ಸಲ ಹೋಗಬಹುದು, ಅದನ್ನು ಕೋಡಿನಲ್ಲಿ ನೋಡಿಕೊಳ್ಳಬೇಕು. ಕಾಫ್ಕಾ ಹಾಕಿದರೂ ಆ ತಲೆನೋವು ತಪ್ಪುವುದಿಲ್ಲ. ಎಷ್ಟು ಬಾಕಿ ಇದೆ ಅಂತ ನೋಡಲು ಡೇಟಾಬೇಸಿಗೆ ಒಂದು ಸೆಲೆಕ್ಟ್ ಪ್ರಶ್ನೆ ಸಾಕು. ಪಾರ್ಟಿಷನ್, ಆಫ್‌ಸೆಟ್, ರೀಬ್ಯಾಲೆನ್ಸ್ ಎಂಬ ಕಾಫ್ಕಾದ ವಿಷಯಗಳಲ್ಲಿ ಯಾವುದನ್ನೂ ಯಾರೂ ಹೊಸದಾಗಿ ಕಲಿಯಬೇಕಿಲ್ಲ.

ಕಾಫ್ಕಾ ಕೆಟ್ಟದ್ದು ಅಂತಲ್ಲ. ಒಂದೇ ಡೇಟಾವನ್ನು ಐದಾರು ಟೀಮ್‌ಗಳು ಬೇರೆ ಬೇರೆ ವೇಗದಲ್ಲಿ, ಬೇಕಾದಾಗ ಹಿಂದಕ್ಕೆ ಹೋಗಿ ಓದಬೇಕು ಎಂದಾದರೆ ನಾನೇ ಅದನ್ನು ತರುತ್ತೇನೆ.

ಹೊಸದು ನಿಜವಾಗಿಯೂ ಬೇಕು ಅನ್ನಿಸಿದರೆ ಅದರ ಹಿಂದೆ ಯಾರಿದ್ದಾರೆ, ಎಷ್ಟು ವರ್ಷ ಇರುತ್ತಾರೆ ನೋಡಿ. ಪೋಸ್ಟ್‌ಗ್ರೆಸ್‌ನ ಒಂದೊಂದು ಮುಖ್ಯ ಆವೃತ್ತಿಗೂ 5 ವರ್ಷ ಸಪೋರ್ಟ್ ಇರುತ್ತದೆ, ಅದು ಮೊದಲೇ ಗೊತ್ತು. ಸರ್ವರ್‌ಗಳಲ್ಲಿ ಓಡುವ ಆಪರೇಟಿಂಗ್ ಸಿಸ್ಟಮ್ ಸೆಂಟ್‌ಒಎಸ್ 8 ಅನ್ನು 2029ರವರೆಗೆ ಇರುತ್ತದೆಂದು ನಂಬಿ ಹಾಕಿಕೊಂಡವರಿಗೆ, 2021ರ ಕೊನೆಗೇ ಮುಗಿಯುತ್ತದೆ ಎಂಬ ಸುದ್ದಿ 2020ರ ಡಿಸೆಂಬರ್‌ನಲ್ಲಿ ಬಂತು. 2024ರಲ್ಲಿ ರೆಡಿಸ್ ಎಂಬ ಡೇಟಾಬೇಸಿನ ಲೈಸೆನ್ಸ್ ಬದಲಾಗಿ, ಅದೇ ಕೋಡಿನಿಂದ ವಾಲ್ಕೀ ಎಂಬ ಪ್ರತ್ಯೇಕ ಕವಲು ಹುಟ್ಟಿತು. ಗಿಟ್‌ಹಬ್ ಸ್ಟಾರ್ (ಕೋಡ್ ತಾಣದಲ್ಲಿ ಜನ ಕೊಡುವ ಮೆಚ್ಚುಗೆ ಗುರುತು) ಎಣಿಸುವುದರಿಂದ ಇದ್ಯಾವುದೂ ಗೊತ್ತಾಗುವುದಿಲ್ಲ. ರಿಲೀಸ್ ನೋಟ್ಸ್ ಓದಿ, ಲೈಸೆನ್ಸ್ ಬದಲಿಸುವ ಅಧಿಕಾರ ಯಾರ ಕೈಯಲ್ಲಿದೆ ನೋಡಿ.

ಟ್ರಯಲ್‌ಗೆ ಎರಡು ದಿನ ಕೊಡಿ, ಆದರೆ ಡೆಮೋ ಕೇಳಬೇಡಿ. ಡೆಮೋದಲ್ಲಿ ಎಲ್ಲವೂ ಚೆನ್ನಾಗಿಯೇ ಓಡುತ್ತದೆ. ‘ಕೆಡಿಸಿ ತೋರಿಸಿ’ ಅನ್ನಿ. ಡೇಟಾ ಬರೆಯುತ್ತಿರುವಾಗಲೇ ಪ್ರೋಸೆಸ್ಸಿಗೆ ಕಿಲ್ ಮೈನಸ್ ನೈನ್ ಕೊಡಿಸಿ, ಅಂದರೆ ಥಟ್ಟನೆ ಕೊಲ್ಲಿಸಿ. ಡಿಸ್ಕ್ ತುಂಬಿಸಿ. ನೆಟ್‌ವರ್ಕ್ ಕತ್ತರಿಸಿ. ಹಿಂದಿನ ಆವೃತ್ತಿ ಹಾಕಿ, ಡೇಟಾ ತುಂಬಿ, ಅಪ್‌ಗ್ರೇಡ್ ಮಾಡಿಸಿ. ಪ್ರತಿ ಸಲ ಲಾಗ್‌ನಲ್ಲಿ ಏನು ಬಂತು ಅಂತ ಬರೆದಿಡಿ. ಡಿಸ್ಕಿನಲ್ಲಿ ಜಾಗ ಇಲ್ಲ ಎಂದು ನೇರವಾಗಿ ಹೇಳುವ ಟೂಲ್ ನನಗಿಷ್ಟ. ಉದ್ದದ ಸ್ಟ್ಯಾಕ್ ಟ್ರೇಸ್ ಸುರಿದು ಕೊನೆಗೆ ‘ಅನ್‌ನೋನ್ ಎರರ್’ ಅನ್ನುವುದು ಎಷ್ಟೇ ವೇಗವಾಗಿ ಓಡಿದರೂ ನನಗೆ ಬೇಡ.

ಬ್ಯಾಕಪ್ ಇದೆ ಅಂದರೆ ಸಾಲದು, ರಿಸ್ಟೋರ್ ಮಾಡಿ, ಅಂದರೆ ಅದರಿಂದ ಡೇಟಾ ಮರಳಿ ತಂದು ನೋಡಿ. 2017ರ ಜನವರಿ 31ರಂದು ಕೋಡ್ ಇಡುವ ತಾಣ ಗಿಟ್‌ಲ್ಯಾಬ್‌ನಲ್ಲಿ ಮುಖ್ಯ ಡೇಟಾಬೇಸ್ ಅಳಿಸಿಹೋದಾಗ ದಿನವೂ ಆಗಬೇಕಿದ್ದ ಬ್ಯಾಕಪ್ ಆಗಿಯೇ ಇರಲಿಲ್ಲ. ಬ್ಯಾಕಪ್ ವಿಫಲವಾದಾಗ ಬರಬೇಕಿದ್ದ ಇಮೇಲ್‌ಗಳೂ ಯಾರಿಗೂ ತಲುಪಿರಲಿಲ್ಲ. ಆರು ಗಂಟೆ ಹಿಂದೆ ತೆಗೆದಿದ್ದ ಡೇಟಾದ ನಕಲು, ಅಂದರೆ ಒಂದು ಸ್ನ್ಯಾಪ್‌ಶಾಟ್ ಅವರನ್ನು ಕಾಪಾಡಿತು. ಇದನ್ನೆಲ್ಲ ಅವರೇ ಬಹಿರಂಗವಾಗಿ ಬರೆದುಕೊಂಡರು, ಅದಕ್ಕೆ ಅವರನ್ನು ಮೆಚ್ಚಬೇಕು. ನಮ್ಮಲ್ಲಿ ಆನ್‌ಕಾಲ್ ಸರದಿಗೆ ಹೊಸದಾಗಿ ಸೇರುವವರಿಗೆ ಕೊಡುವ ಮೊದಲ ಕೆಲಸವೇ ರಿಸ್ಟೋರ್. ಬರೆದಿಟ್ಟ ಹೆಜ್ಜೆಗಳಲ್ಲಿ ಎಲ್ಲಿ ಹಳಸಿದೆ ಅನ್ನುವುದು ಹೊಸ ಕಣ್ಣಿಗೆ ಬೇಗ ಕಾಣುತ್ತದೆ.

ತೀರ್ಮಾನವನ್ನು ಒಂದು ಪುಟದಲ್ಲಿ ಬರೆದು ಕೋಡಿನ ಜೊತೆಗೇ ಇಡಿ. ಯಾವುದನ್ನು ಬಿಟ್ಟೆವು, ಯಾಕೆ ಬಿಟ್ಟೆವು, ಏನಾದರೆ ಮತ್ತೆ ಯೋಚಿಸುತ್ತೇವೆ ಎಂದಿದ್ದರೆ ಸಾಕು. ಉದಾಹರಣೆಗೆ: ‘ಬಾಕಿ ಇಮೇಲ್ ಸತತ ಒಂದು ವಾರ ಹತ್ತು ನಿಮಿಷಕ್ಕಿಂತ ಹಳೆಯದಾದರೆ ಈ ತೀರ್ಮಾನವನ್ನು ಮತ್ತೆ ತೆರೆಯುವುದು.’ ಇಂಥ ಒಂದು ಸಾಲಿದ್ದರೆ ತಿಂಗಳಿಗೊಮ್ಮೆ ಅದೇ ಜಗಳ ಬರುವುದಿಲ್ಲ.

ಬೇಡ ಅನ್ನಿಸಿಕೊಂಡವರನ್ನು ಮಾತ್ರ ಸುಮ್ನೆ ಬಿಡಬೇಡಿ. ಎಷ್ಟೋ ಸಲ ಅವರಿಗೆ ಬೇಕಿರುವುದು ಟೂಲ್ ಅಲ್ಲ, ಹೊಸದನ್ನು ಕಲಿಯುವ ಅವಕಾಶ. ಅದು ತಪ್ಪೇನೂ ಅಲ್ಲ. ನಿಂತುಹೋದರೂ ಗ್ರಾಹಕರಿಗೆ ಗೊತ್ತಾಗದ ಒಂದು ಒಳಗಿನ ರಿಪೋರ್ಟನ್ನು ಅವರಿಗೆ ಕೊಡಿ, ಅಲ್ಲಿ ಅವರಿಗೆ ಇಷ್ಟ ಬಂದದ್ದು ಹಾಕಲಿ. ಕೆಲವು ತಿಂಗಳಾದ ಮೇಲೆ ಅದು ಹೇಗೆ ಓಡುತ್ತಿದೆ ಅಂತ ಅವರ ಬಾಯಲ್ಲೇ ಕೇಳಿ. ನಮ್ಮಲ್ಲಿ ಪ್ರೊಡಕ್ಷನ್‌ಗೆ (ಗ್ರಾಹಕರು ಬಳಸುವ ಸರ್ವರ್‌ಗಳಿಗೆ) ಬಂದ ಕೆಲವು ಒಳ್ಳೆಯ ಟೂಲ್‌ಗಳು ಆ ದಾರಿಯಲ್ಲೇ ಬಂದವು.

ಕೊನೆಗೆ ಹೊಸದು ಬಂದೇ ಬಂದರೆ, ಹಳೆಯದನ್ನು ತೆಗೆಯುವ ದಿನವನ್ನೂ ಆಗಲೇ ಗೊತ್ತು ಮಾಡಿ. ಮಾಡದಿದ್ದರೆ ಎರಡೂ ಉಳಿಯುತ್ತವೆ, ಎರಡರ ಎಚ್ಚರಿಕೆ ಗಂಟೆಗಳೂ ಮೊಳಗುತ್ತವೆ. ಅದಕ್ಕೇ ಹೊಸದನ್ನು ತರುವ ಟಿಕೆಟ್ಟನ್ನು (ಕೆಲಸದ ಪಟ್ಟಿಯ ನಮೂದನ್ನು) ನಾನು ಮುಚ್ಚುವುದು ಹಳೆಯದರ ಕೋಡ್ ಅಳಿಸಿ, ಅದರ ಸರ್ವರ್ ನಿಲ್ಲಿಸಿದ ಮೇಲೆಯೇ.